ಅಣ್ಣನ ಫೋನು

ನಾನು ಕಲಾ ವಿಭಾಗದ ವಿದ್ಯಾರ್ಥಿ. ವಿಜ್ಞಾನಕ್ಕೂ ನನಗೂ ಇದ್ದ ನಂಟು ಎಸ್.ಎಸ್.ಎಲ್.ಸಿ. ಪರೀಕ್ಷೆಯ ಕೊನೆಯ ಗಂಟೆ ಹೊಡೆದಾಗಲೇ ಕಡಿದು ಹೋಯಿತೆಂದು ನಂಬಿ ನೆಮ್ಮದಿಯಾಗಿದ್ದವನು. ಅಂಥವನು ಕಾಲೇಜಿನ ವಾರ್ಷಿಕ ಸಂಚಿಕೆಗೆ ಬೆಳಕು ಕೊಡುವ ಪ್ಲಾಸ್ಟಿಕ್ಕಿನ ವಿಚಾರ ಬರೆಯಹೊರಟರೆ ಸಹಪಾಠಿಗಳು ನಕ್ಕಾರು, ಅಧ್ಯಾಪಕರು ಹುಬ್ಬೇರಿಸಿಯಾರು. ನನ್ನಿಂದ ಪ್ರವಾಸದ ಲೇಖನವೊಂದು ಬಂದೀತೆಂದು ಕಾದಿದ್ದ ಸಂಪಾದಕರಂತೂ ಕೋಪಿಸಿಕೊಂಡಾರು. ಆದರೆ ಇದರಲ್ಲಿ ನನ್ನ ತಪ್ಪೇನೂ ಇಲ್ಲ. ಎಲ್ಲವೂ ಅಣ್ಣನ ಫೋನಿನಿಂದ ಆದದ್ದು.

ನಮ್ಮೂರು ಹೊಳಲು, ಹೂವಿನಹಡಗಲಿ ತಾಲ್ಲೂಕು. 2021ಕ್ಕೆ ಮುಂಚೆ ನಾವು ಬಳ್ಳಾರಿ ಜಿಲ್ಲೆಯವರಾಗಿದ್ದೆವು. ಈಗ ವಿಜಯನಗರ ಜಿಲ್ಲೆಯವರು. ಊರು ಮಾತ್ರ ಇದ್ದಲ್ಲಿಯೇ ಇದೆ. ಅಣ್ಣ ಪಿ.ಯು.ಸಿ.ಯಲ್ಲಿ ವಿಜ್ಞಾನ ಓದಿ ಮೊದಲ ದರ್ಜೆಯಲ್ಲಿ ತೇರ್ಗಡೆಯಾದವನು. ಬಿ.ಎಸ್‌ಸಿ.ಗೆ ಸೇರಬೇಕೆಂದಿದ್ದ ವರ್ಷವೇ ಹೊಲ ಕೈಕೊಟ್ಟಿತು, ಸಾಲ ಮೇಲೆ ಬಂದಿತು. ಅವನು ಬೆಂಗಳೂರಿಗೆ ಬಂದು ಬಾಡಿಗೆ ಕಾರಿನ ಚಾಲಕನಾದನು. ಅವನ ಹಿಂದೆಯೇ, ಅವನ ಖರ್ಚಿನಲ್ಲಿ, ಓದಲೆಂದು ನಾನು ಬಂದೆನು. ಹತ್ತು ಅಡಿಯ ಒಂದು ಕೋಣೆಯಲ್ಲಿ ನಾವಿಬ್ಬರೂ ಇದ್ದೇವೆ. ಇದ್ದೇವೆ ಎಂದರೆ, ಅವನು ಬರುವಾಗ ನಾನು ಹೊರಡುತ್ತೇನೆ, ನಾನು ಮಲಗುವಾಗ ಅವನು ಹೊರಡುತ್ತಾನೆ.

ಕಳೆದ ವರ್ಷ ಅವನು ತನ್ನ ಹಳೆಯ ಫೋನನ್ನು ನನಗೆ ಕೊಟ್ಟನು. ಒಳ್ಳೆಯ ಫೋನು, ಪರದೆಯ ಬಣ್ಣಗಳು ಕಣ್ಣಿಗೆ ಹಬ್ಬ. ಆ ರಾತ್ರಿ ಪಾಠದ ಟಿಪ್ಪಣಿಯೊಂದನ್ನು ತೆರೆದಾಗ ಬೂದು ಬಣ್ಣದ ಹಿನ್ನೆಲೆಯಲ್ಲಿ ಏನೋ ಮಸುಕು ಮಸುಕಾಗಿ ಕಂಡಿತು. ಕೆಳಗಡೆ ಅಗಲವಾದೊಂದು ಪಟ್ಟಿ. ಅದರ ಮೇಲೆ ಎಡಗಡೆಗೆ ಒಂದು ದುಂಡನೆಯ ಗುರುತು. ಮೇಲ್ತುದಿಯಲ್ಲಿ ಮತ್ತೊಂದು ಸಣ್ಣ ಪಟ್ಟಿ. ಬಟ್ಟೆಯಿಂದ ಒರಸಿದೆ, ಹೋಗಲಿಲ್ಲ. ಫೋನನ್ನು ಆರಿಸಿ ಹಚ್ಚಿದೆ, ಹೋಗಲಿಲ್ಲ. ಎರಡು ದಿನ ಬಿಟ್ಟು ಅರ್ಥವಾಯಿತು: ಅದು ಅಣ್ಣನು ಹಗಲಿರುಳೂ ತೆರೆದಿಟ್ಟುಕೊಂಡಿದ್ದ ದಾರಿ ತೋರಿಸುವ ನಕ್ಷೆಯ ಚೌಕಟ್ಟು. ಕೆಳಗಿನ ಪಟ್ಟಿ ಇನ್ನೆಷ್ಟು ದೂರ, ಇನ್ನೆಷ್ಟು ಹೊತ್ತು ಎಂದು ಹೇಳುವುದು. ದುಂಡನೆಯದು ವೇಗ ಹೇಳುವುದು. ನಕ್ಷೆ ಓಡುತ್ತಲೇ ಇರುತ್ತದಾಗಿ ಅದರ ಗುರುತು ಉಳಿದಿಲ್ಲ. ನಿಂತಲ್ಲಿಯೇ ನಿಂತವು ಮಾತ್ರ ಅಚ್ಚೊತ್ತಿದ್ದುವು.

ರಿಪೇರಿ ಅಂಗಡಿಯ ಹುಡುಗನು ನೋಡಿದವನೇ, “ಡಿಸ್‌ಪ್ಲೇ ಬರ್ನ್ ಆಗಿದೆ. ಹೊಸದು ಹಾಕಬೇಕು,” ಎಂದು ಒಂದು ಮೊತ್ತ ಹೇಳಿದನು. ಅದು ನನ್ನ ಒಂದು ವರ್ಷದ ಕಾಲೇಜು ಶುಲ್ಕಕ್ಕಿಂತ ಹೆಚ್ಚಾಗಿದ್ದಿತು. “ಯಾಕೆ ಹೀಗಾಗುತ್ತದೆ?” ಎಂದು ಕೇಳಿದೆ. “ಹಾಗೇ ಸಾರ್, ಸವೆಯುತ್ತೆ,” ಎಂದನು.

ಬೆಳಕು ಸವೆಯುತ್ತದೆಯೆ? ಈ ಪ್ರಶ್ನೆ ತಲೆಯಲ್ಲಿ ಕುಳಿತಿತು.

ಹೊಳಲಿನವರಿಗೆ ಬೆಳಕೆಂದರೆ ಮೊದಲು ನೆನಪಾಗುವುದು ಅನಂತಶಯನನ ಗುಡಿ. ಶೇಷನ ಮೇಲೆ ಉದ್ದಕ್ಕೂ ಮಲಗಿರುವ ದೊಡ್ಡ ಮೂರ್ತಿ. ಹೊಸಪೇಟೆಯ ಹತ್ತಿರ ಕೃಷ್ಣದೇವರಾಯನು ಕಟ್ಟಿಸಿದ ಅನಂತಶಯನಗುಡಿಗೆಂದು ಮಾಡಿದ ಮೂರ್ತಿಯೇ ಇದೆಂದೂ, ದೇವರು ನಮ್ಮೂರು ಬಿಟ್ಟು ಬರಲೊಪ್ಪಲಿಲ್ಲವೆಂದೂ ಹಿರಿಯರು ಹೇಳುತ್ತಾರೆ. ನಾನು ಚಿಕ್ಕವನಿದ್ದಾಗ ಕರೆಂಟು ಹೋದ ಒಂದು ಸಂಜೆ ಅಜ್ಜಿಯ ಜೊತೆ ಒಳಗೆ ನಿಂತಿದ್ದೆ. ಪೂಜಾರಿಗಳು ಎಣ್ಣೆಯ ದೀಪವನ್ನು ಹಿಡಿದು ತಲೆಯ ಕಡೆಯಿಂದ ಕಾಲಿನ ಕಡೆಗೆ ಮೆಲ್ಲಗೆ ನಡೆದರು. ಮೊದಲು ಮುಖ, ಆಮೇಲೆ ಎದೆ, ಆಮೇಲೆ ಮೊಣಕಾಲು. ದೇವರು ತುಂಡು ತುಂಡಾಗಿ ಕಂಡನು. ಮನೆಗೆ ಬಂದ ಮೇಲೆ ಅಜ್ಜಿ ಕಂದೀಲಿನ ಬತ್ತಿಯನ್ನು ಇಳಿಸುತ್ತ, “ಸಣ್ಣಗ ಇಟ್ರ ಬೆಳತನಕ ಬರ್ತೈತಿ,” ಎಂದಳು. ದೀಪದಲ್ಲಿ ಎಣ್ಣೆ ತೀರುವುದೂ ಬತ್ತಿಯ ತುದಿಗೆ ಕರಿ ಕಟ್ಟುವುದೂ ಕಣ್ಣಿಗೆ ಕಾಣುತ್ತದೆ. ಗಾಜಿನ ಹಿಂದಿನ ಈ ಬೆಳಕಿನಲ್ಲಿ ತೀರುವುದು ಏನು?

ನಮ್ಮ ಬಸ್ಸಿನ ಕಂಡಕ್ಟರುಗಳು ಇಂದಿಗೂ ಟಾಟಾ ಇನ್‌ಸ್ಟಿಟ್ಯೂಟ್ ಎಂದು ಕೂಗುವ ಭಾರತೀಯ ವಿಜ್ಞಾನ ಸಂಸ್ಥೆ 1909ರಿಂದ ಇದೆ. ವರ್ಷಕ್ಕೊಂದು ದಿನ ಅದು ತನ್ನ ಪ್ರಯೋಗಾಲಯಗಳ ಬಾಗಿಲನ್ನು ಎಲ್ಲರಿಗೂ ತೆರೆದಿಡುತ್ತದೆ. ಆ ದಿನ ನಾನೂ ಹೋದೆ. ಶಾಲೆಯ ಮಕ್ಕಳ ಸಾಲಿನಲ್ಲಿ ನಿಂತು, ಒಂದು ಮೇಜಿನ ಹಿಂದೆ ನಿಂತಿದ್ದ ಸಂಶೋಧನ ವಿದ್ಯಾರ್ಥಿಯೊಬ್ಬರ ಮುಂದೆ ಅಣ್ಣನ ಫೋನನ್ನು ಚಾಚಿದೆ. ಅವರು ನಗುವರೆಂದಿದ್ದೆ, ನಗಲಿಲ್ಲ. ಬೂದು ಬಣ್ಣದ ಚಿತ್ರವನ್ನು ತೆರೆದು ಬಹಳ ಹೊತ್ತು ನೋಡಿ, “ಇದನ್ನು ಬಿಸಿಲಿನಲ್ಲಿ, ಪೂರ್ತಿ ಬೆಳಕಿನಲ್ಲಿ ಓಡಿಸಿದ್ದಾರೆ. ಅಲ್ಲವೆ?” ಎಂದರು. ಕಾರಿನ ಮುಂಗಾಜಿನ ಹಿಂದೆ ಎಂದೆ. ಮುಂದಿನ ಅರ್ಧ ಗಂಟೆ ಅವರು ಹೇಳಿದ್ದರಲ್ಲಿ ಅರ್ಧ ತಲೆಗೆ ಹತ್ತಿತು. ಉಳಿದರ್ಧವನ್ನು ಆಮೇಲೆ ಓದಿ ತಿಳಿದುಕೊಂಡೆ.

ಈ ಪರದೆಗೆ ಹಿಂದಿನಿಂದ ಬೆಳಕು ಬಿಡುವ ದೀಪವಿಲ್ಲ. ಪ್ರತಿಯೊಂದು ಚುಕ್ಕೆಯೂ ತಾನೇ ದೀಪ. ಒಂದೊಂದರಲ್ಲಿಯೂ ಇಂಗಾಲದ ಸಂಯುಕ್ತಗಳ ಪದರಗಳಿವೆ; ಆದುದರಿಂದಲೇ ಸಾವಯವ ಎಂಬ ಹೆಸರು. ಪದರಗಳನ್ನೆಲ್ಲ ಒಟ್ಟುಗೂಡಿಸಿದರೂ ತಲೆಗೂದಲಿನ ನೂರರಲ್ಲೊಂದು ಪಾಲಿನಷ್ಟೂ ದಪ್ಪವಿಲ್ಲ. ಒಂದು ಕಡೆಯಿಂದ ಎಲೆಕ್ಟ್ರಾನುಗಳು ಬರುತ್ತವೆ. ಇನ್ನೊಂದು ಕಡೆಯಿಂದ ಎಲೆಕ್ಟ್ರಾನು ಬಿಟ್ಟುಹೋದ ಖಾಲಿ ಜಾಗಗಳು ಒಂದರಿಂದೊಂದಕ್ಕೆ ದಾಟುತ್ತ ಬರುತ್ತವೆ, ಇವನ್ನು ರಂಧ್ರಗಳೆನ್ನುತ್ತಾರೆ. ನಡುವೆ ಎರಡೂ ಸೇರಿದಲ್ಲಿ ಅಣುವೊಂದು ಉದ್ರೇಕಗೊಂಡು ಬೆಳಕು ಬಿಡುತ್ತದೆ. ಬಿಟ್ಟು ಮತ್ತೆ ಮೊದಲಿನಂತಾಗುತ್ತದೆ. ಆದರೆ ಎಷ್ಟೋ ಕೋಟಿ ಸಲದಲ್ಲಿ ಒಮ್ಮೆ, ಆ ಉದ್ರೇಕದಲ್ಲಿ ಅಣುವಿನ ಒಂದು ಬಂಧ ಮುರಿದುಬಿಡುತ್ತದೆ. ಮುರಿದ ಅಣು ತಾನೂ ಬೆಳಗದು, ನೆರೆಯವರನ್ನೂ ಬೆಳಗಗೊಡದು. ನೀಲಿಯ ಬೆಳಕಿಗೆ ಕೆಂಪಿಗಿಂತ ಹೆಚ್ಚು ಶಕ್ತಿ ಬೇಕಾದ್ದರಿಂದ ನೀಲಿಯ ಅಣುಗಳೇ ಮೊದಲು ಸೋಲುತ್ತವೆ. ಅಣ್ಣನ ಪಟ್ಟಿ ಹಳದಿಯಾಗಿ ಕಾಣುವುದು ಅದಕ್ಕೇ: ಅಲ್ಲಿ ಹಳದಿ ಬಂದಿಲ್ಲ, ನೀಲಿ ಹೋಗಿದೆ.

ಇಂಥ ದೀಪವನ್ನು ಮೊದಲು ಚೆನ್ನಾಗಿ ಉರಿಸಿದವರು ಕೊಡಾಕ್ ಸಂಸ್ಥೆಯ ಚಿಂಗ್ ಟಾಂಗ್ ಮತ್ತು ಸ್ಟೀವನ್ ವ್ಯಾನ್ ಸ್ಲೈಕ್, 1987ರಲ್ಲಿ. ಹತ್ತು ವೋಲ್ಟಿಗಿಂತ ಕಡಿಮೆಯಲ್ಲಿ ಅದು ಹತ್ತಿಕೊಂಡಿತು. ಅವರು ಬಳಸಿದ್ದು ಸಣ್ಣ ಅಣುಗಳನ್ನು. ನಿರ್ವಾತದಲ್ಲಿ ಕಾಯಿಸಿ ಆವಿ ಮಾಡಿ ಗಾಜಿನ ಮೇಲೆ ಕೂರಿಸಿದ್ದು. 1990ರಲ್ಲಿ ಕೇಂಬ್ರಿಜ್‌ನಲ್ಲಿ ರಿಚರ್ಡ್ ಫ್ರೆಂಡ್ ಮತ್ತು ಅವರ ಜೊತೆಯವರು ಉದ್ದ ಸರಪಳಿಯ ಪಾಲಿಮರಿನಿಂದಲೇ ಬೆಳಕು ತೆಗೆದರು. ಪಾಲಿಮರಿಗೆ ನಿರ್ವಾತದ ಕಾಟವಿಲ್ಲ. ದ್ರವದಲ್ಲಿ ಕರಗಿಸಿ ಶಾಯಿಯಂತೆ ಬಳಿಯಬಹುದು, ಅಚ್ಚು ಹಾಕಬಹುದು. ಆದುದರಿಂದ ಅಗ್ಗವಾಗಬಹುದು. ನಾನು ಅತ್ಯುತ್ಸಾಹದಿಂದ, “ಹಾಗಾದರೆ ಈ ಫೋನಿನಲ್ಲಿರುವುದು ಅದೇ!” ಎಂದೆ. “ಇಲ್ಲ. ಇದು ಆವಿ ಮಾಡಿ ಕೂರಿಸಿದ ಸಣ್ಣ ಅಣುಗಳದು. ಪಾಲಿಮರು ಇನ್ನೂ ಆಯುಸ್ಸಿನಲ್ಲಿ ಇದಕ್ಕೆ ಸರಿಗಟ್ಟಬೇಕು,” ಎಂದರು. ಅರೆಬರೆ ಓದಿನವನಿಗೆ ಇಂಥ ಪೆಟ್ಟು ಆಗಾಗ ಬೀಳುವುದು ಒಳ್ಳೆಯದೇ.

ಏಕೆ ಸರಿಗಟ್ಟಲಿಲ್ಲ ಎಂಬ ಕಥೆಯೇ ನನ್ನ ಮನಸ್ಸನ್ನು ಹಿಡಿದದ್ದು. ತೊಂದರೆ ಬೆಳಕು ಕೊಡುವ ಪದರದಲ್ಲಿ ಮಾತ್ರ ಇಲ್ಲ, ಹೊಸ್ತಿಲಿನಲ್ಲಿಯೂ ಇದೆ.

ಗಾಜಿನ ಮೇಲೆ ಇಂಡಿಯಂ ಮತ್ತು ತವರದ ಆಕ್ಸೈಡಿನ ತೆಳು ಲೇಪವಿರುತ್ತದೆ. ಅದರ ಮೂಲಕವೇ ರಂಧ್ರಗಳು ಒಳಗೆ ಬರಬೇಕು. ಆದರೆ ಲೇಪಕ್ಕೂ ಬೆಳಕಿನ ಪದರಕ್ಕೂ ನಡುವೆ ಶಕ್ತಿಯ ಒಂದು ಎತ್ತರವಿದೆ. ನಡುವೆ ಮೆಟ್ಟಿಲು ಬೇಕು, ಲೇಪದ ಒರಟನ್ನು ಸಮಮಾಡಬೇಕು, ಬೆಳಕನ್ನು ತಡೆಯಬಾರದು. ಈ ಕೆಲಸಕ್ಕೆ ವಿದ್ಯುತ್ತು ಹರಿಯುವ ಪಾಲಿಮರು ಹೇಳಿ ಮಾಡಿಸಿದ ಹಾಗಿತ್ತು.

ಪ್ಲಾಸ್ಟಿಕ್ಕೆಂದರೆ ಕರೆಂಟಿನ ತಂತಿಗೆ ಹೊದಿಸುವ ವಸ್ತುವೆಂದೇ ನಾವೆಲ್ಲ ತಿಳಿದದ್ದು. ಜಪಾನಿನಲ್ಲಿ ಹಿಡೆಕಿ ಶಿರಾಕಾವರ ಪ್ರಯೋಗಾಲಯದಲ್ಲಿ ತಪ್ಪು ತಿಳಿವಳಿಕೆಯಿಂದ ವೇಗವರ್ಧಕವನ್ನು ಸಾವಿರಪಟ್ಟು ಹೆಚ್ಚು ಹಾಕಿದುದರಿಂದ ಪಾಲಿಅಸಿಟಿಲೀನಿನ ಬೆಳ್ಳಿಯಂಥ ಹಾಳೆಯೊಂದು ಹುಟ್ಟಿತು. ಅವರು ಅಮೆರಿಕಕ್ಕೆ ಹೋಗಿ ಅಲನ್ ಮ್ಯಾಕ್‌ಡಯಾರ್ಮಿಡ್, ಅಲನ್ ಹೀಗರ್ ಅವರೊಡನೆ ಸೇರಿ ಅಂಥ ಹಾಳೆಗೆ ಅಯೋಡಿನ್ ತಾಗಿಸಿದಾಗ ಅದರ ವಾಹಕತೆ ಒಂದು ಕೋಟಿಪಟ್ಟು ಏರಿತು. 1977ರಲ್ಲಿ ಪ್ರಕಟವಾದ ಈ ಕೆಲಸಕ್ಕೆ 2000ದಲ್ಲಿ ಮೂವರಿಗೂ ರಸಾಯನಶಾಸ್ತ್ರದ ನೊಬೆಲ್ ಬಂದಿತು. 1992ರಲ್ಲಿ ಹೀಗರ್ ಅವರ ಗುಂಪಿನವರು ಪಾಲಿಅನಿಲೀನನ್ನು ಹೊಸ್ತಿಲಾಗಿಟ್ಟು, ಪ್ಲಾಸ್ಟಿಕ್ ಹಾಳೆಯ ಮೇಲೆ, ಬಾಗಿಸಿದರೂ ಆರದ ದೀಪವನ್ನು ಮಾಡಿ ತೋರಿಸಿದರು. ಅವರೊಡನೆ ಇಂಥ ಪಾಲಿಮರುಗಳ ಮೇಲೆ ದುಡಿದ ರೆಘು ಮೆನನ್ ಟಾಟಾ ಇನ್‌ಸ್ಟಿಟ್ಯೂಟಿನ ಭೌತಶಾಸ್ತ್ರ ವಿಭಾಗದಲ್ಲಿ ಪ್ರಾಧ್ಯಾಪಕರಾದರು.

ಆದರೆ ಹೆಚ್ಚು ಬಳಕೆಗೆ ಬಂದುದು ಬೇಯರ್ ಕಂಪನಿಯಲ್ಲಿ ಹುಟ್ಟಿದ ಪೆಡಾಟ್ ಎಂಬ ಪಾಲಿಮರು. ಫೋಟೋ ಫಿಲ್ಮಿನ ಮೇಲೆ ಸ್ಥಿರ ವಿದ್ಯುತ್ತು ಕೂಡಿಕೊಳ್ಳದಂತೆ ಬಳಿಯುವುದು ಅದರ ಮೊದಲ ಉದ್ಯೋಗಗಳಲ್ಲೊಂದು. ಪೆಡಾಟ್ ತಾನಾಗಿ ನೀರಿನಲ್ಲಿ ಕರಗದು. ಪಾಲಿಸ್ಟೈರೀನ್ ಸಲ್ಫೋನಿಕ್ ಆಮ್ಲವೆಂಬ ಇನ್ನೊಂದು ಪಾಲಿಮರು ಅದನ್ನು ಹೊತ್ತುಕೊಂಡು ನೀರಿನಲ್ಲಿ ತೇಲಿಸುತ್ತದೆ. ದೀಪಗಳಿಗೆ ಬಳಸುವ ಸಾಮಾನ್ಯ ಮಾದರಿಯಲ್ಲಿ ತೂಕದಲ್ಲಿ ಒಂದು ಪಾಲು ಪೆಡಾಟಿಗೆ ಆರು ಪಾಲು ಈ ಆಮ್ಲ. ಹೊತ್ತವನು ಹೊರೆಗಿಂತ ಆರುಪಟ್ಟು! ಕೆಡುಕು ಬಂದದ್ದು ಇಲ್ಲಿಯೇ. ಆಮ್ಲವು ಕೆಳಗಿನ ಇಂಡಿಯಂ ಲೇಪವನ್ನು ಕೊರೆಯುತ್ತದೆ. ಕೊರೆದ ಇಂಡಿಯಂ ಮೇಲಕ್ಕೆ ನುಸುಳುತ್ತದೆ. 2000ದಲ್ಲಿಯೇ ಇದನ್ನು ಅಳೆದು ತೋರಿಸಿದರು. ಗಾಳಿಯ ತೇವ ತಾಗಿದರಂತೂ ಕೊರೆತ ಇನ್ನೂ ಬಿರುಸು. ಮೇಲಾಗಿ ಈ ಪದರ ತೇವವನ್ನು ಹೀರುತ್ತದೆ, ಹೀರಿದ ತೇವ ಬೆಳಕಿನ ಪದರಕ್ಕೂ ಲೋಹಕ್ಕೂ ತಗಲಿ ಕಪ್ಪು ಚುಕ್ಕೆಗಳೇಳುತ್ತವೆ. ಹಡಗಲಿಯ ಮಲ್ಲಿಗೆಯನ್ನು ಒದ್ದೆ ಬಟ್ಟೆಯಲ್ಲಿ ಸುತ್ತಿ ಬಾಳಿಸುವ ಸೀಮೆಯವನು ನಾನು. ನೀರೇ ವಿಷವಾಗುವ ಈ ಹೂವನ್ನು ಕಂಡು ಆಶ್ಚರ್ಯವಾಯಿತು.

ಆ ರಾತ್ರಿ ಅಣ್ಣ ಹನ್ನೊಂದಕ್ಕೆ ಬಂದನು. ಜೋಳದ ರೊಟ್ಟಿ ಮುರಿಯುತ್ತ ಕುಳಿತಿದ್ದವನಿಗೆ ನಾನು ಕಂಡುಕೇಳಿದುದನ್ನೆಲ್ಲ ಒಂದೇ ಉಸಿರಿಗೆ ಹೇಳಿದೆ. ಪಾಲಿಮರ್ ಎಂದೊಡನೆ ಅವನು, “ಸಣ್ಣ ಸಣ್ಣ ಅಣು ಕೈ ಕೈ ಹಿಡಕಂಡು ಆದ ಉದ್ದನ ಸರಪಳಿ,” ಎಂದನು, ಪರೀಕ್ಷೆಯಲ್ಲಿ ಎರಡಂಕಕ್ಕೆ ಬರೆಯುವವನಂತೆ. ಆಮ್ಲದ ಮಾತು ಬಂದಾಗ ರೊಟ್ಟಿ ಕೈಯಲ್ಲೇ ನಿಂತಿತು.

“ಆಮ್ಲ ಐತಿ ಅಂದ್ರ ಒಂದೀಟು ಕ್ಷಾರ ಹಾಕಿ ತಟಸ್ಥ ಮಾಡಬೋದಲ್ಲೋ ತಮ್ಮಾ?”

ನಾನು ಉತ್ತರವಿಲ್ಲದೆ ಕುಳಿತೆ. ಅರ್ಧ ಗಂಟೆ ಪ್ರಯೋಗಾಲಯದಲ್ಲಿ ನಿಂತಿದ್ದರೂ ನನಗೆ ಹೊಳೆಯದ ಪ್ರಶ್ನೆ, ಹನ್ನೆರಡು ಗಂಟೆ ಕಾರು ಓಡಿಸಿ ಬಂದವನಿಗೆ ಹೊಳೆಯಿತು. ಅಲ್ಲಿಗೆ ಹೋಗಬೇಕಾಗಿದ್ದವರು ಯಾರು, ಹೋದವನು ಯಾರು ಎಂಬುದು ಅಂದು ನನಗೆ ನಿದ್ದೆಗೊಡಲಿಲ್ಲ.

ಮರುವಾರ ಗ್ರಂಥಾಲಯದ ಕಂಪ್ಯೂಟರಿನ ಮುಂದೆ ಕುಳಿತು ಹುಡುಕಿದೆ. ಅಣ್ಣ ಕೇಳಿದ್ದನ್ನೇ ವಿದ್ವಾಂಸರೂ ಕೇಳಿದ್ದಾರೆ. ಸೋಡಿಯಂ ಹೈಡ್ರಾಕ್ಸೈಡ್ ಹಾಕಿ ಆಮ್ಲವನ್ನು ತಗ್ಗಿಸಿ ನೋಡಿದ್ದಾರೆ. ಕೊರೆಯುವುದು ತಗ್ಗುತ್ತದೆ, ಆದರೆ ಅದರೊಡನೆ ಮೆಟ್ಟಿಲಿನ ಎತ್ತರವೂ ಬದಲಾಗಿ ರಂಧ್ರಗಳು ಒಳಗೆ ಬರಲು ತಡವರಿಸುತ್ತವೆ. ಆದುದರಿಂದ ಬೇರೆ ಹಾದಿಗಳನ್ನು ಹಿಡಿದರು. ಕೆಲವರು ಮಾಲಿಬ್ಡಿನಂ ಆಕ್ಸೈಡಿನಂಥ ವಸ್ತುವನ್ನೇ ಹೊಸ್ತಿಲಾಗಿಸಿದರು. ಕೆಲವರು ಫ್ಲೂರಿನ್ ಸೇರಿದ ಪಾಲಿಮರನ್ನು ಪೆಡಾಟಿನೊಡನೆ ಬೆರೆಸಿದರು. ಅದು ತಾನಾಗಿಯೇ ಮೇಲ್ಮೈಗೆ ಬಂದು ನಿಂತು ಮೆಟ್ಟಿಲುಗಳ ಸಾಲನ್ನೇ ಕಟ್ಟುತ್ತದೆ. 2005ರಲ್ಲಿ ಕೇಂಬ್ರಿಜ್‌ನವರು ಪೆಡಾಟಿಗೂ ಬೆಳಕಿನ ಪದರಕ್ಕೂ ನಡುವೆ ಮತ್ತೊಂದು ಪಾಲಿಮರಿನ ಅತಿ ತೆಳುವಾದ ಪದರವನ್ನಿಟ್ಟರು. ಒಳಗಿನ ಬೆಳಕು ಹೊಸ್ತಿಲಿಗೆ ತಗಲಿ ಆರಿಹೋಗುವುದನ್ನು ಅದು ತಪ್ಪಿಸಿತು. ಮನೆಯ ಒಳಗೆ ನಡುಮನೆಗೂ ಹೊರಬಾಗಿಲಿಗೂ ನಡುವೆ ಪಡಸಾಲೆಯಿದ್ದಂತೆ.

ಬೆಂಗಳೂರಿನ ವಿಚಾರವೊಂದನ್ನು ಹೇಳದಿದ್ದರೆ ಲೇಖನ ಅರ್ಧವಾದೀತು. ಅಣ್ಣನ ಬಾಡಿಗೆ ಹೆಚ್ಚಾಗಿ ದೇವನಹಳ್ಳಿಯ ವಿಮಾನ ನಿಲ್ದಾಣಕ್ಕೆ. ಅಲ್ಲಿಂದ ಊರೊಳಗೆ ಬರುವಾಗ ಮೊದಲು ಸಿಕ್ಕುವುದು ಜಕ್ಕೂರು. ಅಲ್ಲಿಯ ಜವಾಹರಲಾಲ್ ನೆಹರು ಕೇಂದ್ರದಲ್ಲಿ ಕೆ.ಎಸ್. ನಾರಾಯಣ್ ಅವರು ಇಂಥ ಅರೆವಾಹಕ ಪಾಲಿಮರನ್ನು ಕೋಳಿಮರಿಯ ಭ್ರೂಣದಿಂದ ತೆಗೆದ ಅಕ್ಷಿಪಟಲದೊಡನೆ ಕೂಡಿಸಿ, ಬೆಳಕಿಗೆ ಅದು ಸ್ಪಂದಿಸುವುದನ್ನು ತೋರಿಸಿದ್ದಾರೆ. ಬೆಳಕು ಕೊಡುವ ಜಾತಿಯ ವಸ್ತುವಿನಿಂದಲೇ ಬೆಳಕು ಕಾಣಿಸುವ ಯತ್ನ. ಮುಂದೆ ಹೆಬ್ಬಾಳ ದಾಟಿ ಮೇಖ್ರಿ ವೃತ್ತಕ್ಕೆ ಬಂದರೆ ಮರಗಳ ನಡುವೆ ಸಿ.ವಿ. ರಾಮನ್ನರು 1948ರಲ್ಲಿ ಕಟ್ಟಿದ ಸಂಶೋಧನ ಮಂದಿರ. ಅಲ್ಲಿ, ಅದೇ 1977ರಲ್ಲಿ, ಎಸ್. ಚಂದ್ರಶೇಖರ್, ಬಿ.ಕೆ. ಸದಾಶಿವ, ಕೆ.ಎ. ಸುರೇಶ್ ಈ ಮೂವರು ಬಿಲ್ಲೆಯಾಕಾರದ ಅಣುಗಳು ನಾಣ್ಯಗಳನ್ನು ಪೇರಿಸಿದಂತೆ ಕಂಬ ಕಂಬವಾಗಿ ನಿಲ್ಲುವ ದ್ರವಸ್ಫಟಿಕವನ್ನು ಕಂಡುಹಿಡಿದರು. ಅಂಥ ಕಂಬಗಳ ಉದ್ದಕ್ಕೆ ವಿದ್ಯುದಾವೇಶ ಸಲೀಸಾಗಿ ಹರಿಯುತ್ತದೆಂದು ಮುಂದೆ ತಿಳಿಯಿತು. ಸಾವಯವ ದೀಪಗಳಿಗೆ ಈ ಬಿಲ್ಲೆಗಳನ್ನು ಬಳಸಿ ನೋಡಿದ್ದಾರೆ. ಇನ್ನೊಂದಿಷ್ಟು ಹೋದರೆ ಟಾಟಾ ಇನ್‌ಸ್ಟಿಟ್ಯೂಟ್. ಈ ಮೂರರ ಮುಂದೆಯೂ ಅಣ್ಣ ವರ್ಷಗಟ್ಟಲೆ ಓಡಾಡಿದ್ದಾನೆ, ಫೋನಿನ ಕೆಳಗಿನ ಪಟ್ಟಿ ಇನ್ನೆಷ್ಟು ನಿಮಿಷವೆಂದು ತೋರಿಸುತ್ತಿದ್ದಾಗ.

ಆ ಪಟ್ಟಿ ಅಷ್ಟು ಆಳವಾಗಿ ಕೂತದ್ದು ಗಂಟೆಗಳ ಲೆಕ್ಕದಿಂದಷ್ಟೇ ಅಲ್ಲ. ಈ ದೀಪಗಳ ಸವೆತ ಬೆಳಕಿನ ಪ್ರಮಾಣಕ್ಕೆ ಸರಿಸಮನಾಗಿ ಏರುವುದಿಲ್ಲ; ಅದಕ್ಕಿಂತ ಜೋರಾಗಿ ಏರುತ್ತದೆ. ಬೆಳಕನ್ನು ಇಮ್ಮಡಿ ಮಾಡಿದರೆ ಆಯುಸ್ಸು ಅರ್ಧವಾಗುವುದಲ್ಲ, ಮೂರರಲ್ಲೊಂದು, ನಾಲ್ಕರಲ್ಲೊಂದು ಪಾಲಿಗೆ ಇಳಿಯುವುದುಂಟು. ಬಿಸಿಯೂ ಸೇರಿದರೆ ಇನ್ನೂ ಬೇಗ. ಬಿಸಿಲಿನಲ್ಲಿ ನಕ್ಷೆ ಕಾಣಲೆಂದು ಅಣ್ಣ ಬೆಳಕನ್ನು ತುದಿಯ ತನಕ ಏರಿಸಿಡುತ್ತಿದ್ದನು. ಕಂದೀಲು ಇಳಿಸುತ್ತಿದ್ದ ಅಜ್ಜಿಗೆ ಈ ಗಣಿತ ಗೊತ್ತಿದ್ದಿತೆಂದೇ ನನ್ನ ಅಭಿಪ್ರಾಯ.

ಇದಕ್ಕೂ ಒಂದು ಉಪಾಯ ಬಂದಿದೆ. ಒಂದೇ ದೀಪದ ಬದಲು ಒಂದರ ಮೇಲೊಂದು ಎರಡು ದೀಪಗಳ ಪದರಗಳನ್ನು ಕೂರಿಸುತ್ತಾರೆ. ಅಷ್ಟೇ ಬೆಳಕಿಗೆ ಒಂದೊಂದರ ಮೇಲೂ ಅರ್ಧ ಹೊರೆ. ಮೇಲಿನ ಲೆಕ್ಕದಿಂದ ಆಯುಸ್ಸು ಇಮ್ಮಡಿಗಿಂತ ಹೆಚ್ಚು. ಇದನ್ನು ಅಣ್ಣನಿಗೆ ಹೇಳುವಾಗ ಊರಿನ ಮಾತಿನಲ್ಲಿಯೇ, ಒಂಟೆತ್ತಿಗೆ ಜೋಡಿ ಕಟ್ಟಿದಂತೆ ಎಂದೆ.

ಅವನು ಚಾಪೆಯ ಮೇಲೆ ಮಲಗಿ ಕಣ್ಣು ಮುಚ್ಚಿದ್ದನು. ನಿದ್ದೆ ಹತ್ತಿತೆಂದುಕೊಂಡೆ. “ಹಂಗಾರ ನೀನು ಯಾವಾಗ ಹೆಗಲು ಕೊಡ್ತೀ?” ಎಂದನು, ತುಟಿಯಲ್ಲಿ ನಗುವಿದ್ದಿತು. ನಾನು ನಗಲು ಹೋದೆ, ಆಗಲಿಲ್ಲ.

“ಸಂಜೀ ಮುಂದ ಯಾವುದಾರ ಅಂಗಡಿ ಲೆಕ್ಕ ಬರಿತೀನಿ ಅಣ್ಣ.”

“ಬ್ಯಾಡ. ಮದಲು ಓದು ಮುಗಸು. ಅಲ್ಲೀತನ ಒಂದ ದೀಪ ಸಾಕು.” ಸ್ವಲ್ಪ ಹೊತ್ತು ಬಿಟ್ಟು, “ಆ ಕ್ಷಾರ ಹಾಕಿದ್ದು ಏನಾತಂತ ನೀ ಹೇಳಲಿಲ್ಲ,” ಎಂದನು. ಹೇಳಿದೆ. ಮೆಟ್ಟಿಲಿನ ಎತ್ತರ ಏಕೆ ಬದಲಾಗುತ್ತದೆಂದು ಮತ್ತೆ ಕೇಳಿದನು. ಅದು ನನಗೆ ಇನ್ನೂ ತಿಳಿದಿರಲಿಲ್ಲ, ಕೇಳಿಕೊಂಡು ಬರುವೆನೆಂದೆ. ಮೂರು ಗಂಟೆಯ ಬಾಡಿಗೆಗೆ ಎಚ್ಚರಿಸಲು ಹೇಳಿ ಮಗ್ಗುಲಾದನು.

ಪರದೆಯನ್ನು ನಾನು ಬದಲಾಯಿಸಲಿಲ್ಲ. ಅಷ್ಟು ಹಣವೂ ಇರಲಿಲ್ಲವೆನ್ನಿ. ಟಿಪ್ಪಣಿ ಓದುವಾಗ ಕೊನೆಯ ಎರಡು ಸಾಲುಗಳು ಆ ಪಟ್ಟಿಯ ಮೇಲೆ ಬರುತ್ತವೆ, ಅಷ್ಟೆ. ಅಣ್ಣನ ಹೊಸ ಫೋನೂ ಇದೇ ಜಾತಿಯದು. ಸಂಜೆಯಾದ ಮೇಲೆ ಬೆಳಕು ತಾನಾಗಿ ಇಳಿಯುವಂತೆ ಅದರಲ್ಲಿ ಮಾಡಿಕೊಟ್ಟಿದ್ದೇನೆ. ಅವನು ಮಲಗಿರುವಾಗ ತಿಂಗಳಿಗೊಮ್ಮೆ ಅದರಲ್ಲಿ ಬೂದು ಬಣ್ಣದ ಚಿತ್ರವನ್ನು ತೆರೆದು ನೋಡುತ್ತೇನೆ. ಈ ತಿಂಗಳು ನೋಡಿದಾಗ, ಕೆಳಗಡೆ, ಎಡಕ್ಕೆ, ದುಂಡನೆಯದೊಂದು ಇನ್ನೂ ಕಾಣಲೋ ಬೇಡವೋ ಎಂಬಂತೆ ಮೂಡತೊಡಗಿದ್ದಿತು.